ನಿವೇಶನದ ಬೆಲೆಯಲ್ಲಿ ನೀರಿನ ಲೆಕ್ಕ ಎಲ್ಲಿದೆ?

ಹೊಲ ಕೊಳ್ಳುವ ರೈತನು ಏನೇನು ನೋಡುತ್ತಾನೆಂಬುದು ಎಲ್ಲರಿಗೂ ತಿಳಿದ ಸಂಗತಿ. ಮಣ್ಣಿನ ಆಳ ಎಷ್ಟು, ಕೆಳಗೆ ಗರಸು ಇದೆಯೋ ಸುಣ್ಣದ ಹರಳು ಇದೆಯೋ, ಇಳಿಜಾರು ಯಾವ ಕಡೆಗೆ, ಮೇಲಿನವರ ಹೊಲದ ನೀರು ಎಲ್ಲಿ ಬಂದು ಬೀಳುತ್ತದೆ, ಒಡ್ಡು ಒಡೆದ ಗುರುತು ಇದೆಯೇ, ಜವಳು ಹತ್ತಿದೆಯೇ, ಇಷ್ಟನ್ನೂ ಕೇಳದೆ ಮುಂಗಡ ಕೊಡುವವನು ವಿರಳ. ಪಕ್ಕದ ಹೊಲದವನನ್ನು ಮಾತನಾಡಿಸದೆ ಖರೀದಿ ಮಾಡುವವನಂತೂ ಇಲ್ಲವೆಂದೇ ಹೇಳಬೇಕು. ಆದರೆ ಇದೇ ರೈತನು ತಾಲೂಕು ಸ್ಥಳದಲ್ಲಿ ಮಗನಿಗೆಂದು 30 ಅಡಿಗೆ 40 ಅಡಿಯ ಒಂದು ನಿವೇಶನ ಕೊಳ್ಳಲು ಹೋದಾಗ ಈ ಪ್ರಶ್ನೆಗಳನ್ನೆಲ್ಲ ಊರಲ್ಲೇ ಬಿಟ್ಟು ಹೋಗುತ್ತಾನೆ. ಬಸ್ ನಿಲ್ದಾಣ ಎಷ್ಟು ದೂರ, ರಸ್ತೆ ಎಷ್ಟು ಅಡಿ ಅಗಲ, ಬಾಗಿಲು ಪೂರ್ವಕ್ಕೆ ಬರುತ್ತದೆಯೋ ಉತ್ತರಕ್ಕೋ, ಎನ್.ಎ. ಆಗಿದೆಯೋ ಇಲ್ಲವೋ, ಇಷ್ಟಕ್ಕೆ ವಿಚಾರಣೆ ಮುಗಿಯಿತು. ಒಂದು ಎಕರೆ ಹೊಲಕ್ಕಿಂತ ಒಂದು ಗುಂಟೆ ನಿವೇಶನಕ್ಕೆ ಹೆಚ್ಚು ಹಣ ತೆರುವ ಕಾಲದಲ್ಲಿ ಈ ಅಲಕ್ಷ್ಯ ಸಣ್ಣದಲ್ಲ.

ನಾನು ಬೇಸಾಯ ಶಾಸ್ತ್ರದವನು. ಮನೆ ಕಟ್ಟುವುದು ಎಂಜಿನಿಯರರ ವಿಷಯ, ಬೆಲೆ ಕಟ್ಟುವುದು ವ್ಯಾಪಾರಸ್ಥರ ವಿಷಯ ಎಂದು ಸುಮ್ಮನಿರಬಹುದಿತ್ತು. ಆದರೆ ಮನೆಗಳನ್ನು ಕೆಡವುತ್ತಿರುವುದು ನೀರು ಮತ್ತು ಮಣ್ಣು. ಇವೆರಡೂ ರೈತನ ಮತ್ತು ನಮ್ಮಂಥವರ ವಿಷಯಗಳೇ ಆಗಿರುವುದರಿಂದ ಕೆಲವು ಮಾತು ಬರೆಯಬೇಕೆನಿಸಿತು.

ಮೊದಲು ಈಚಿನ ಅನುಭವವನ್ನು ನೆನೆಯೋಣ. 2009ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಪ್ರಾರಂಭವಾದ ಹಸ್ತಾ ಮಳೆ ಕೆಲವೇ ದಿನಗಳಲ್ಲಿ ಉತ್ತರ ಕರ್ನಾಟಕದ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬಿದ್ದ ಮನೆಗಳು ಲಕ್ಷಗಟ್ಟಲೆ. ಹತ್ತು ವರ್ಷಗಳ ನಂತರ, 2019ರ ಆಗಸ್ಟಿನ ಆಶ್ಲೇಷಾ ಮಳೆಯಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಒಟ್ಟಿಗೆ ಏರಿದವು. ಗೋಕಾಕ ಪಟ್ಟಣಕ್ಕೆ ನೀರು ನುಗ್ಗಿತು. ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರಗಳು ಮುಳುಗಿದವು. ಮರುವರ್ಷವೇ, 2020ರ ಅಕ್ಟೋಬರಿನ ಚಿತ್ತಾ ಮಳೆಯಲ್ಲಿ, ಭೀಮಾ ತೀರದ ಕಲಬುರಗಿ, ವಿಜಯಪುರ ಜಿಲ್ಲೆಗಳ ಸರದಿ ಬಂತು. ಮೂರು ಪ್ರವಾಹಗಳು, ಮೂರು ಬೇರೆ ಬೇರೆ ನಕ್ಷತ್ರಗಳು. ‘ಈ ಮಳೆ ದಾಟಿದರೆ ಭಯವಿಲ್ಲ’ ಎಂದು ಹಿರಿಯರು ಹೇಳುತ್ತಿದ್ದ ಭರವಸೆ ಈಗ ಉಳಿದಿಲ್ಲ. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅದು ಹಿಡಿದಿಡಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಭೂಮಿ ಕಾದಂತೆ ಮಳೆ ಕೆಲವೇ ದಿನಗಳಲ್ಲಿ ಸುರಿದು ಹೋಗುವುದೂ, ನಡುವೆ ದೀರ್ಘ ಒಣ ಅವಧಿ ಬರುವುದೂ ಈ ಕಾರಣದಿಂದಲೇ. ಇದನ್ನು ಬೆಳೆಯ ದೃಷ್ಟಿಯಿಂದ ಈ ಪತ್ರಿಕೆಯ ಪುಟಗಳಲ್ಲಿ ನೀವು ಓದುತ್ತಲೇ ಇದ್ದೀರಿ. ಮನೆಯ ದೃಷ್ಟಿಯಿಂದ ಯಾರೂ ಬರೆದಂತಿಲ್ಲ.

ಈಗ ಪೇಟೆಯ ಮಾತು. ಹುಬ್ಬಳ್ಳಿ-ಧಾರವಾಡ, ಗದಗ, ಬಾಗಲಕೋಟೆ, ಯಾವ ಊರಿಗೇ ಹೋದರೂ ಅಂಚಿನ ಹೊಲಗಳಲ್ಲಿ ಕಲ್ಲು ನೆಟ್ಟು ಬಣ್ಣ ಬಳಿದಿರುವುದನ್ನು ಕಾಣುತ್ತೀರಿ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾದ್ದರಿಂದ ಬೇಡಿಕೆ ಇನ್ನೂ ಏರಿದೆ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಸಲುವಾಗಿ, ಮುಳುಗಡೆಯಾಗಲಿರುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿದೆ. ಈ ಹಣ ಕೈಗೆ ಬಂದ ರೈತ ಕುಟುಂಬಗಳಲ್ಲಿ ಬಹಳಷ್ಟು ಮೊದಲು ಮಾಡುವ ಕೆಲಸ ಪೇಟೆಯಲ್ಲಿ ಒಂದು ಜಾಗ ಹಿಡಿಯುವುದು. ಒಂದು ನೀರಿನಿಂದ ಎದ್ದು ಬಂದವರು ಇನ್ನೊಂದು ನೀರಿನಲ್ಲಿ ಮನೆ ಕಟ್ಟಬಾರದಲ್ಲವೇ?

ಪೇಟೆಯ ಅಂಚಿನಲ್ಲಿ ಎಂಥ ಹೊಲ ಮೊದಲು ಮಾರಾಟವಾಗುತ್ತದೆ ಎಂಬುದನ್ನು ಗಮನಿಸಿ. ಚೆನ್ನಾಗಿ ಬೆಳೆಯುವ ಎತ್ತರದ ಹೊಲವನ್ನು ಒಡೆಯ ಕೊನೆಯವರೆಗೂ ಇಟ್ಟುಕೊಳ್ಳುತ್ತಾನೆ. ಮೂರು ವರ್ಷಕ್ಕೊಮ್ಮೆ ನೀರು ನಿಂತು ಹೆಸರು, ಉಳ್ಳಾಗಡ್ಡಿ ಕೊಳೆಯುವ ತಗ್ಗಿನ ಹೊಲವನ್ನು ಮೊದಲು ಕೊಡುತ್ತಾನೆ. ಮಾರುವವನ ಲೆಕ್ಕದಲ್ಲಿ ಇದು ಸರಿಯೇ. ಆದರೆ ಊರಿನವರೆಲ್ಲ ಅದುವರೆಗೆ ‘ಮಡುವಿನ ಹೊಲ’, ‘ಜವಳ ಹೊಲ’, ‘ಹಳ್ಳದ ಹೊಲ’ ಎಂದು ಕರೆಯುತ್ತಿದ್ದ ಜಮೀನು ಕಲ್ಲು ನೆಟ್ಟ ಮರುದಿನ ಯಾವುದೋ ದೇವರ ಹೆಸರಿನ ‘ನಗರ’ವಾಗುತ್ತದೆ. ಹಳೆಯ ಹೆಸರಿನೊಂದಿಗೆ ಅದರೊಳಗಿನ ತಿಳುವಳಿಕೆಯೂ ಹೋಗುತ್ತದೆ. ನಿವೇಶನ ನೋಡಲು ಬರುವವನಿಗೆ ಅದನ್ನು ತೋರಿಸುವುದು ಫೆಬ್ರುವರಿಯಿಂದ ಮೇ ತಿಂಗಳ ಒಳಗೆ. ಆಗ ಎರೆ ಮಣ್ಣು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಕಾರು ಹೊಲದ ನಡುವೆಯೇ ಹೋಗಿ ನಿಲ್ಲುತ್ತದೆ. ಶ್ರಾವಣದಲ್ಲಿ ಅದೇ ಜಾಗಕ್ಕೆ ಎತ್ತಿನ ಗಾಡಿಯೂ ಇಳಿಯಲಾರದು. ಆದ್ದರಿಂದ ನಿವೇಶನವನ್ನು ಮಳೆಗಾಲದಲ್ಲಿ, ಒಂದು ದೊಡ್ಡ ಮಳೆ ಬಂದು ಹೋದ ಮರುದಿನ ಬೆಳಿಗ್ಗೆ ನೋಡಬೇಕು ಎಂಬುದು ನನ್ನ ಮೊದಲ ಸಲಹೆ. ಅಷ್ಟು ಕಾಯಲು ಒಪ್ಪದೆ ‘ಇವತ್ತೇ ಮುಂಗಡ ಕೊಡಿ, ನಾಳೆ ದರ ಏರುತ್ತದೆ’ ಎನ್ನುವವರ ಹತ್ತಿರ ವ್ಯವಹಾರ ಬೇಡ. ಮಳೆಗಾಲ ಇಲ್ಲದಿದ್ದರೆ ಕಳೆ ನೋಡಿ. ಜೇಕು ದಟ್ಟವಾಗಿದ್ದರೆ, ಅಂಚಿನಲ್ಲಿ ಆಪು ಬೆಳೆದಿದ್ದರೆ ಅಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆಂದೇ ಅರ್ಥ.

ತಗ್ಗಿನ ನಿವೇಶನ ಅಗ್ಗವಾಗಿ ಸಿಗುತ್ತದೆ ಎಂಬ ವಾದವಿದೆ. ಲೆಕ್ಕ ಹಾಕಿ ನೋಡೋಣ. ಅಕ್ಕಪಕ್ಕದ ರಸ್ತೆಗಿಂತ 3 ಅಡಿ ತಗ್ಗಿನಲ್ಲಿರುವ 30x40 ಅಡಿಯ ನಿವೇಶನವನ್ನು ಸಮ ಮಾಡಲು 3,600 ಘನ ಅಡಿ, ಅಂದರೆ 36 ಬ್ರಾಸ್ ಗರಸು ಬೇಕು. ದಮ್ಮಸು ಮಾಡಿದಾಗ ಕುಗ್ಗುವುದರಿಂದ ಇನ್ನೂ ಹೆಚ್ಚು ಬೇಕಾದೀತು. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಹೆಚ್ಚು ಕಡಿಮೆ ಒಂದು ಬ್ರಾಸ್. ನಿಮ್ಮ ಊರಿನಲ್ಲಿ ಟ್ರೇಲರಿಗೆ ಏನು ದರವೋ ಅದರಿಂದ ಗುಣಿಸಿ ನಿವೇಶನದ ಬೆಲೆಗೆ ಸೇರಿಸಿಕೊಳ್ಳಿ. ಅಗ್ಗ ಎಂಬುದು ಅಲ್ಲಿಗೆ ಅರ್ಧ ಕರಗುತ್ತದೆ. ಉಳಿದರ್ಧ ಕರಗುವುದು ನೆರೆಯವನು ತನ್ನ ಜಾಗವನ್ನು 4 ಅಡಿ ಏರಿಸಿದಾಗ. ಒಬ್ಬೊಬ್ಬರೂ ತಮ್ಮ ತಮ್ಮ ಜಾಗ ಏರಿಸಿದರೆ ನೀರು ಹೋಗುವುದು ಏರಿಸಲು ಹಣವಿಲ್ಲದವನ ಮನೆಗೆ. ಇದು ಮೇಲಿನ ಹೊಲದವನು ಒಡ್ಡು ಕಡಿದು ಕೆಳಗಿನವನ ಹೊಲಕ್ಕೆ ನೀರು ಬಿಟ್ಟಂತೆಯೇ. ಹೊಲದಲ್ಲಾದರೆ ಜಗಳವಾಗುತ್ತದೆ, ಪಂಚರು ಸೇರುತ್ತಾರೆ. ಬಡಾವಣೆಯಲ್ಲಿ ಯಾರೂ ಕೇಳುವುದಿಲ್ಲ.

ಇನ್ನೊಂದು ಲೆಕ್ಕವನ್ನು ಹೊಲ ಉಳಿಸಿಕೊಂಡಿರುವವರೂ ತಿಳಿಯಬೇಕು. ಒಂದು ಎಕರೆಯ ಮೇಲೆ 10 ಸೆಂಟಿಮೀಟರ್ ಮಳೆಯಾದರೆ ಬಿದ್ದ ನೀರು ಸುಮಾರು 4 ಲಕ್ಷ ಲೀಟರು. ಒಡ್ಡು ಹಾಕಿದ, ಬಿರುಕು ಬಿಟ್ಟ ಎರೆ ಹೊಲ ಮೊದಲ ಮಳೆಗಳಲ್ಲಿ ಇದರಲ್ಲಿ ಬಹುಭಾಗವನ್ನು ಕುಡಿಯುತ್ತದೆ. ಅದೇ ಹೊಲದಲ್ಲಿ ಆರ್.ಸಿ.ಸಿ. ಛಾವಣಿ, ಕಾಂಕ್ರೀಟು ರಸ್ತೆ, ಹಾಸುಗಲ್ಲಿನ ಅಂಗಳ ಬಂದ ಮೇಲೆ ಕುಡಿಯುವುದಕ್ಕೆ ಮಣ್ಣೇ ಇರುವುದಿಲ್ಲ. 5 ಎಕರೆಯ ಬಡಾವಣೆಯಾದರೆ 20 ಲಕ್ಷ ಲೀಟರ್ ನೀರು ಒಂದೆರಡು ಗಂಟೆಗಳಲ್ಲಿ ಕೆಳಗಿನ ಹೊಲಕ್ಕೆ ನುಗ್ಗುತ್ತದೆ. ಪೇಟೆಯ ಅಂಚಿನ ಹೊಲಗಳಲ್ಲಿ ಹೊಸದಾಗಿ ಕೊರಕಲು ಬೀಳುತ್ತಿರುವುದಕ್ಕೆ ಇದು ಮುಖ್ಯ ಕಾರಣ. ಮೇಲ್ಗಡೆಯ ಜಮೀನಿಗೆ ಭೂ ಪರಿವರ್ತನೆ ಆಗುವಾಗಲೇ ಚರಂಡಿ ಎಲ್ಲಿ ಹೋಗಿ ಸೇರುತ್ತದೆಂದು ಕೇಳಿ ಲಿಖಿತ ತಕರಾರು ಕೊಡುವುದು ಕೆಳಗಿನ ರೈತನ ಹಕ್ಕು. ಗಟಾರು ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಇದೆಲ್ಲ ಓದು ಬಾರದ ಹಳ್ಳಿಯವರ ತೊಂದರೆ ಎಂದು ಯಾರೂ ಭಾವಿಸಬಾರದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಭಾಗದಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಗೆ ನೀರು ನುಗ್ಗಿ, ಸಾಫ್ಟ್‌ವೇರ್ ಕಂಪನಿಗಳ ನೌಕರರನ್ನು ಟ್ರ್ಯಾಕ್ಟರುಗಳ ಮೇಲೆ ಕೂರಿಸಿ ಕಚೇರಿಗೆ ಸಾಗಿಸಬೇಕಾಯಿತು. ನಮ್ಮ ಟ್ರ್ಯಾಕ್ಟರಿಗೆ ರಾಜಧಾನಿಯಲ್ಲಿ ಅಂಥ ಮರ್ಯಾದೆ ಹಿಂದೆ ಎಂದೂ ಸಿಕ್ಕಿರಲಿಲ್ಲ! ಕೆರೆಗಳ ನಡುವಿನ ಕಾಲುವೆಗಳನ್ನು ಮುಚ್ಚಿ, ತಗ್ಗನ್ನು ತುಂಬಿ ಕಟ್ಟಿದ ಜಾಗಗಳವು. ಎಷ್ಟು ಹಣ ಕೊಟ್ಟು ಕೊಂಡರೂ ನೀರು ತನ್ನ ದಾರಿಯನ್ನು ಮರೆಯಲಿಲ್ಲ. ಮಲೆನಾಡಿನಲ್ಲಿ ಇದೇ ಮಾತು ಇಳಿಜಾರಿಗೆ ಅನ್ವಯಿಸುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದು ನೀರು ಬಸಿಯಲು ದಾರಿ ಬಿಡದಿದ್ದುದು ಒಂದು ಕಾರಣವೆಂದು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಗುರುತಿಸಿದರು.

ಕಾಗದದಲ್ಲಿ ಏನು ನೋಡಬೇಕು?

ನೀರಿನ ದಾರಿ ಸರ್ಕಾರಿ ದಾಖಲೆಯಲ್ಲಿ ಇದ್ದೇ ಇದೆ, ನಾವು ನೋಡುವುದಿಲ್ಲ ಅಷ್ಟೆ. ಪಹಣಿಯ 3ನೆಯ ಕಲಮಿನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬು’ ಎಂದು ಅ ಮತ್ತು ಬ ಎರಡು ಭಾಗಗಳಿರುತ್ತವೆ. ಅ ಖರಾಬು ಎಂದರೆ ಕಲ್ಲು ಬಂಡೆ ಮುಂತಾಗಿ ಸಾಗುವಳಿಗೆ ಬಾರದ ಭಾಗ. ಬ ಖರಾಬು ಎಂದರೆ ಹಳ್ಳ, ದಾರಿ, ಕಾಲುವೆ ಮುಂತಾಗಿ ಸಾರ್ವಜನಿಕರಿಗೆ ಸೇರಿದ ಭಾಗ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಸರ್ವೆ ನಂಬರಿನಲ್ಲಿ ಬ ಖರಾಬು ಇದ್ದು, ಬಡಾವಣೆಯ ನಕ್ಷೆಯಲ್ಲಿ ಅಷ್ಟು ಜಾಗ ಖಾಲಿ ಕಾಣದಿದ್ದರೆ ಹಳ್ಳದ ಮೇಲೆ ಯಾರದೋ ಮನೆ ಬರಲಿದೆ ಎಂದು ತಿಳಿಯಬೇಕು. ಅದು ನಿಮ್ಮದೇ ಇರಬಹುದು. ಗ್ರಾಮ ನಕ್ಷೆಯನ್ನು ಸರ್ವೆ ಕಚೇರಿಯಿಂದ ಪಡೆದು ಹಳ್ಳದ ಗೆರೆಯನ್ನು ಬೆರಳಿನಿಂದ ಹಿಡಿದು ಸಾಗಿ. ಮೊಬೈಲ್ ಇದ್ದವರು ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರನ್ನೇ ನೋಡಬಹುದು. 500 ಚದರ ಮೀಟರಿಗಿಂತ ಹೆಚ್ಚಿನ ಅಥವಾ 8ಕ್ಕಿಂತ ಹೆಚ್ಚು ನಿವೇಶನಗಳ ಬಡಾವಣೆ ರೇರಾದಲ್ಲಿ ನೋಂದಣಿಯಾಗಿರಬೇಕೆಂಬುದು ನಿಯಮ. ಆದರೆ ಎನ್.ಎ. ಆದೇಶವಾಗಲಿ, ರೇರಾ ನಂಬರಾಗಲಿ, ಬ್ಯಾಂಕಿನ ಸಾಲ ಮಂಜೂರಾತಿಯಾಗಲಿ ‘ಇಲ್ಲಿ ನೀರು ಬರುವುದಿಲ್ಲ’ ಎಂಬ ಪ್ರಮಾಣ ಪತ್ರವಲ್ಲ. ಅವರು ನೋಡುವುದು ಹಕ್ಕು ಸರಿಯಾಗಿದೆಯೇ ಎಂದು. ನೀರನ್ನು ನೋಡಬೇಕಾದವರು ಕೊಳ್ಳುವವರು.

ಎರೆ ಮಣ್ಣಿನ ಮೇಲೆ ಮನೆ

ನೀರು ಬಾರದ ಎತ್ತರದಲ್ಲಿದ್ದರೂ ನಮ್ಮ ಭಾಗದಲ್ಲಿ ಎರೆ ಮಣ್ಣಿನ ಕಾಟ ತಪ್ಪದು. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಂಗಾರಿ ಜೋಳಕ್ಕೆ, ಕಡಲೆಗೆ ಇದೇ ಗುಣ ವರ. ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಗೋಡೆಗೆ ಇದೇ ಗುಣ ಶಾಪ. ಮಳೆಗಾಲದಲ್ಲಿ ಬುನಾದಿಯನ್ನು ಎತ್ತಿ, ಬೇಸಿಗೆಯಲ್ಲಿ ಬಿಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಸೀಳು, ಮಳೆಗಾಲದಲ್ಲಿ ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲಾಗುವ ಬಾಗಿಲು, ಇವು ಅದರ ಲಕ್ಷಣಗಳು. ಮಳೆ ಮತ್ತು ಬರ ಎರಡೂ ತೀವ್ರವಾಗುತ್ತ ಹೋದಂತೆ ಈ ಎತ್ತಿ ಬಿಡುವ ಆಟವೂ ಹೆಚ್ಚುತ್ತದೆ.

ನಿವೇಶನದ ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಮಣ್ಣು ಪರೀಕ್ಷಾ ಕೇಂದ್ರಕ್ಕೆ ತರುವವರಿದ್ದಾರೆ. ನಮ್ಮ ಕೇಂದ್ರ ಸಾರಜನಕ, ರಂಜಕ, ಪೊಟ್ಯಾಷ್ ಹೇಳೀತೇ ಹೊರತು ಗೋಡೆ ಸೀಳುತ್ತದೆಯೇ ಎಂಬುದನ್ನು ಹೇಳದು. ಅದಕ್ಕೆ ಬೇರೆ ಪರೀಕ್ಷೆ ಇದೆ, ಬಹಳ ಸುಲಭವಾದದ್ದು. 3 ಅಡಿ ಆಳದ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ನಯವಾಗಿ ಜರಡಿ ಹಿಡಿದು, 10 ಮಿಲಿ ಅಳತೆಯಷ್ಟು ತೆಗೆದು 100 ಮಿಲಿಯ ಅಳತೆ ಜಾಡಿಯಲ್ಲಿ ನೀರಿಗೆ ಹಾಕಬೇಕು. ಅಷ್ಟೇ ಮಣ್ಣನ್ನು ಇನ್ನೊಂದು ಜಾಡಿಯಲ್ಲಿ ಸೀಮೆ ಎಣ್ಣೆಗೆ ಹಾಕಬೇಕು. ಸೀಮೆ ಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ಚೆನ್ನಾಗಿ ಕಲಕಿ 24 ಗಂಟೆ ಬಿಟ್ಟು ಎರಡರಲ್ಲೂ ತಳದಲ್ಲಿ ಕುಳಿತ ಮಣ್ಣಿನ ಎತ್ತರ ನೋಡಿ. ಸೀಮೆ ಎಣ್ಣೆಯಲ್ಲಿ 10 ಇದ್ದು ನೀರಿನಲ್ಲಿ 15 ಆಗಿದ್ದರೆ ಉಬ್ಬುವಿಕೆ ಶೇಕಡಾ 50. ಇದಕ್ಕೆ ಮೇಲಿದ್ದರೆ ಸಾಮಾನ್ಯ ಬುನಾದಿ ನಂಬುವಂತಿಲ್ಲ. ಶೇಕಡಾ 100 ದಾಟಿದರೆ ಎಂಜಿನಿಯರರಿಲ್ಲದೆ ಗುದ್ದಲಿ ಹಾಕಬಾರದು. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಇದನ್ನು ಕರಾರುವಾಕ್ಕಾಗಿ ಮಾಡಿಕೊಡುತ್ತಾರೆ.

ಉಪಾಯಗಳು ಇಲ್ಲದಿಲ್ಲ. ಎರೆಯ ಪದರು ತೆಳುವಾಗಿದ್ದರೆ ಪೂರ್ತಿ ತೆಗೆದು ಗರಸಿನ ಮೇಲೆ ಬುನಾದಿ ಕೂರಿಸುವುದು ಉತ್ತಮ. ಆಳವಾದ ಎರೆಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ, ತಳದಲ್ಲಿ ಗಡ್ಡೆಯಂತೆ ದಪ್ಪಗಿರುವ ಕಾಂಕ್ರೀಟು ಕಂಬಗಳನ್ನು ಇಳಿಸುತ್ತಾರೆ. ಇವು ಕನಿಷ್ಠ 3.5 ಮೀಟರ್ ಆಳಕ್ಕೆ ಹೋಗಬೇಕು, ಏಕೆಂದರೆ ಅಷ್ಟು ಕೆಳಗೆ ತೇವ ವರ್ಷವಿಡೀ ಹೆಚ್ಚು ಬದಲಾಗದು. ಮನೆಯ ಸುತ್ತ 3-4 ಅಡಿ ಅಗಲ ಹೊರಕ್ಕೆ ಇಳಿಜಾರಾದ ಕಟ್ಟೆ ಕಟ್ಟುವುದು, ಬಚ್ಚಲ ನೀರನ್ನು ಗೋಡೆಯ ಬುಡದಲ್ಲಿ ಬಿಡದಿರುವುದು ಖರ್ಚಿಲ್ಲದ ಕೆಲಸಗಳು. ಬೇವು, ನೀಲಗಿರಿಗಳನ್ನು ಗೋಡೆಗೆ ಹತ್ತಿರ ಹಚ್ಚಬೇಡಿ. ಬೇಸಿಗೆಯಲ್ಲಿ ಅವು ಬುನಾದಿಯ ಕೆಳಗಿನ ತೇವವನ್ನೇ ಹೀರುತ್ತವೆ; ಮರ ಎಷ್ಟು ಎತ್ತರ ಬೆಳೆಯುವುದೋ ಅಷ್ಟು ದೂರ ಇರಲಿ.

ಊರಿನ ಹಳೆಯ ಮಣ್ಣಿನ ಮಾಳಿಗೆಯ ಮನೆಗಳ ವಿಷಯ ಬೇರೆ. ಸವಳು ಮಣ್ಣನ್ನು ಮಾಳಿಗೆಗೆ ಹಾಕುವ ಪದ್ಧತಿಯ ಹಿಂದೆ ಒಳ್ಳೆಯ ವಿಜ್ಞಾನವಿದೆ. ಬೆಳೆಗೆ ಬೇಡವಾದ ಸೋಡಿಯಂ ಅಂಶವೇ ಮಣ್ಣಿನ ಕಣಗಳನ್ನು ಒಡೆದು ರಂಧ್ರ ಮುಚ್ಚಿ ಸೋರದಂತೆ ಮಾಡುತ್ತದೆ. ಬೇಸಿಗೆಯಲ್ಲಿ ಆ ಮನೆಯ ತಂಪು ಯಾವ ಸ್ಲ್ಯಾಬಿಗೂ ಬಾರದು. ತೊಂದರೆ ಇರುವುದು ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತ ಹಳೆಯದನ್ನು ತೆಗೆಯದಿರುವುದರಲ್ಲಿ. 20x15 ಅಡಿಯ ಮಾಳಿಗೆಯ ಮೇಲೆ ಒಂದು ಅಡಿ ಮಣ್ಣು ತೋಯ್ದಾಗ ಅದರ ಭಾರ 15 ಟನ್ನಿಗೆ ಬರುತ್ತದೆ. ಒಂದು ದಿನದ ಬಿರುಮಳೆಗೆ ತಡೆಯುವ ಮನೆ ನಾಲ್ಕು ದಿನದ ಜಿಟಿಜಿಟಿಗೆ ಕುಸಿಯುವುದು ಇದೇ ಕಾರಣಕ್ಕೆ. ಗೋಡೆಯ ಬುಡವೂ ಅಷ್ಟರಲ್ಲಿ ನೆನೆದಿರುತ್ತದೆ. ಮೃಗಶಿರಾ ಮಳೆಗೆ ಮುಂಚೆ ಹಳೆಯ ಪದರು ಇಳಿಸಿ, ತೊಲೆಗಳ ತುದಿ ಗೋಡೆಯೊಳಗೆ ಹುಳು ಹಿಡಿದಿದೆಯೇ ನೋಡಿಕೊಳ್ಳುವುದು ಅವಶ್ಯಕ.

ಸ್ಥಳಾಂತರದ ಮಾತನ್ನೂ ಬಿಡುವಂತಿಲ್ಲ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಹೊಸ ಊರುಗಳು ಎದ್ದವು. ಅನೇಕ ಕಡೆ ಆ ಮನೆಗಳು ಖಾಲಿ ಉಳಿದು, ಜನ ಹಳೆಯ ಊರಿನಲ್ಲೇ ಇದ್ದು 2019ರಲ್ಲಿ ಮತ್ತೆ ಮುಳುಗಿದರು. ಜನರಿಗೆ ಬುದ್ಧಿಯಿಲ್ಲ ಎಂದು ಕಚೇರಿಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಎತ್ತು ಕಟ್ಟಲು ಜಾಗವಿಲ್ಲ, ಕಣಕಿ ಒಟ್ಟಲು ಹಿತ್ತಲಿಲ್ಲ, ಕೂರಿಗೆ, ರೆಂಟೆ ಇಡಲು ಪಡಸಾಲೆಯಿಲ್ಲ, ಹೊಲ ಮೈಲುಗಟ್ಟಲೆ ದೂರ. ಅಂಥ ಕಡೆ ಒಕ್ಕಲುತನದ ಕುಟುಂಬ ಹೇಗೆ ಬಾಳಬೇಕು? ಮಾರುವ ಬೆಲೆಯೂ ಹಾಗೆಯೇ. ಯಾರೂ ವಾಸಿಸಲೊಲ್ಲದ ಮನೆಯನ್ನು ಯಾರು ಕೊಂಡಾರು? ಅದೇ ವೇಳೆಗೆ ನಮ್ಮ ಪಾಲನ್ನೂ ಒಪ್ಪಬೇಕು. ನವಿಲುತೀರ್ಥದ ಜಲಾಶಯ ವರ್ಷಗಟ್ಟಲೆ ತುಂಬದೆ ಮಲಪ್ರಭೆ ಬತ್ತಿದಾಗ ಅದರ ದಂಡೆಯನ್ನು ಒತ್ತಿ ಕಬ್ಬು ಹಚ್ಚಿದವರು ರೈತರೇ. ಹೊಳೆ ಕಿರಿದಾದಷ್ಟೂ ನೀರು ಊರೊಳಗೆ ಏರುತ್ತದೆ.

ವಿಮೆಯ ಬಗ್ಗೆ ಎರಡು ಮಾತು. ಮನೆ ವಿಮೆ ತುಂಬಿದ ರೈತರು ಬಹಳ ಕಡಿಮೆ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿವೆ. ಪ್ರವಾಹ, ಬಿರುಗಾಳಿ, ಭೂಕುಸಿತಗಳು ಅದರಲ್ಲಿ ಸೇರಿವೆ. ಆದರೆ ಹೊಸ ಕಟ್ಟಡ ಕುಳಿತು ಬರುವ ಸಾಮಾನ್ಯ ಬಿರುಕುಗಳಿಗೆ ಅದು ಹಣ ಕೊಡದು; ಎರೆ ಮಣ್ಣಿನ ಸೀಳಿಗೆ ವಿಮೆಯನ್ನು ನಂಬಿ ಕೂರಬೇಡಿ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಪ್ರತಿ ಪ್ರವಾಹಕ್ಕೂ ಅಷ್ಟು ಸಿಕ್ಕೀತೆಂಬ ಖಾತ್ರಿಯಿಲ್ಲ.

ರೈತ ಬಾಂಧವರೇ, ಇಷ್ಟರಲ್ಲಿ ಒಬ್ಬೊಬ್ಬರೇ ಮಾಡಲಾಗದ ಕೆಲಸ ಒಂದಿದೆ. ಪ್ರತಿ ಗ್ರಾಮ ಪಂಚಾಯತಿಯೂ 2009 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಶಾಲೆಯ ಗೋಡೆ, ಗುಡಿಯ ಕಂಬ, ವಿದ್ಯುತ್ ಕಂಬಗಳ ಮೇಲೆ ಗೆರೆ ಎಳೆದು ಇಸವಿ ಬರೆಸಬೇಕು. ಯಾವ ಯಾವ ಸರ್ವೆ ನಂಬರಿಗೆ ನೀರು ನುಗ್ಗಿತ್ತೆಂಬ ಪಟ್ಟಿಯನ್ನು ಗ್ರಾಮ ಸಭೆಯ ಠರಾವಿನಲ್ಲಿ ಸೇರಿಸಿ, ಆ ನಂಬರುಗಳಿಗೆ ಭೂ ಪರಿವರ್ತನೆಯ ಅರ್ಜಿ ಬಂದಾಗ ಅದರ ನಕಲನ್ನು ಜಿಲ್ಲಾಧಿಕಾರಿಗಳಿಗೆ ಕಳಿಸಬೇಕು. ಕೊಳ್ಳಲು ಬಂದವರಿಗೂ ಆ ಪಟ್ಟಿ ಕೇಳಿದಾಗ ತೋರಿಸುವಂತಿರಬೇಕು. ತಗ್ಗಿನ ಹೊಲ ಮಾರುವವರಿಗೆ ದರ ಸ್ವಲ್ಪ ಇಳಿದೀತು, ಅದು ನಿಜ; ಆದರೆ ಅವರ ಮಕ್ಕಳೇ ನಾಳೆ ಬೇರೆ ಊರಿನಲ್ಲಿ ಕೊಳ್ಳುವವರಾಗಿರುತ್ತಾರೆ. ಇದಕ್ಕೆ ಯಾವ ಯೋಜನೆಯ ಅನುದಾನವೂ ಬೇಡ; ಒಂದು ಡಬ್ಬಿ ಬಣ್ಣ, ಒಂದು ಅಳತೆ ಪಟ್ಟಿ ಸಾಕು. 2009ರ ನೀರನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಊರಿನಲ್ಲಿದ್ದಾರೆ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಗುರುತು ಹಾಕಿಸಿಕೊಳ್ಳುವುದು ಒಳಿತು.